ಟಪಾಲು ಬರೆದವರು

ಸೋದರತ್ತೆ ಮುನಿಗಂಗಮ್ಮನ ಮಂಡಿನೋವಿಗೆಂದು ಮಾಡಿಸಿದ್ದ ರಕ್ತಪರೀಕ್ಷೆಯ ರಿಪೋರ್ಟು ತರಲು ಹಂಸ ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಕಾಕ್ಸ್‌ಟೌನಿಗೆ ಹೋಗಿದ್ದಳು. ಚರ್ಚಿನ ಹಿಂದಿನ ರಸ್ತೆಯ ಹಳೆಯ ಬಂಗಲೆಯಲ್ಲಿ ಯಾವುದೋ ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ಪರೀಕ್ಷೆ ಮಾಡುವ ಲ್ಯಾಬು ಬೇರೆ ಕಡೆ ಇತ್ತು. ರಿಪೋರ್ಟುಗಳು ಅಲ್ಲಿಂದ ಇ-ಮೇಲ್‌ನಲ್ಲಿ ಬರುತ್ತಿದ್ದವು. ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಅದು ಹೇಳಿಕೊಳ್ಳುವಂಥ ವಿಷಯವೇ. ಹಾಗಂತ ಕೌಂಟರಿನ ಮೇಲೆ ಬೋರ್ಡನ್ನೂ ಬರೆಸಿ ಹಾಕಿದ್ದರು.

ಕೌಂಟರಿನಲ್ಲಿದ್ದ ಹುಡುಗಿಯ ಹೆಸರು ಪ್ರಿಯದರ್ಶಿನಿ. ಎದೆಯ ಮೇಲಿನ ಬಿಲ್ಲೆಯಲ್ಲಿ ಬರೆದಿತ್ತು.

"ನಿಮ್ಮ ರಿಪೋರ್ಟ್ ಬಂದಿಲ್ರೀ ಅಮ್ಮಾರ" ಎಂದಳು. "ಲ್ಯಾಬಿನವ್ರು ಕಳಿಸೀವಿ ಅಂತಾರ. ನಾ ಬೆಳಿಗ್ಗಿಂದ ನೋಡ್ಲಾಕತ್ತೀನಿ. ಬೇಕಂದ್ರ ನೀವೇ ನೋಡ್ರಿ."

ಅವಳು ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದಳು. ಕಡುನೀಲಿ ಬಣ್ಣ, ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ 'ಶೀಘ್ರಮೇಲ್'. ಅದರ ಕೆಳಗೆ ಒಂದೇ ಒಂದು ಸಾಲು ಕನ್ನಡ: 'ಟಪಾಲು ಇನ್ನೂ ಬಂದಿಲ್ಲ. ಒಂದು ಚಾಯ್ ಕುಡಿದು ಬನ್ನಿ.'

ಹಂಸ ಆ ಸಾಲನ್ನು ಮತ್ತೆ ಓದಿದಳು. ಅವಳ ಕಿವಿ ಬಿಸಿಯಾಯಿತು.

ಆ ಸಾಲು ಬರೆದದ್ದು ಮಂಜೂರ್. ಶಿವಾಜಿನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮಂಜೂರ್ ಮತ್ತು ಇಂದಿರಾನಗರದ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಹಂಸ, ಇಬ್ಬರೂ ಸೇರಿ ವರ್ಷಗಟ್ಟಲೆ ಕೂತು ಒಂದು ಸಾಫ್ಟ್‌ವೇರ್ ಬರೆದಿದ್ದರು. ಹೆಸರು 'ಟಪಾಲು'. ಜಗತ್ತಿನ ಎಲ್ಲೆಲ್ಲೋ ಇರುವ ಜನ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಮೇಲ್ ಸರ್ವರ್ ಒಂದನ್ನು ತೆಗೆದುಕೊಂಡು, ಒಂದೇ ಫೋನ್ ಲೈನಿರುವ ಸಣ್ಣ ಆಫೀಸಿನಲ್ಲೂ ಎಲ್ಲರಿಗೂ ಮೇಲ್ ಸಿಗುವ ಹಾಗೆ ಅದಕ್ಕೆ ತಮ್ಮ ಕೈಯಿಂದ ಬೇಕಾದ್ದನ್ನೆಲ್ಲ ಸೇರಿಸಿದ್ದರು. ಲೈನ್ ಸಿಗುವ ತನಕ ಮೇಲ್‌ಗಳನ್ನು ಸರದಿಯಲ್ಲಿ ಕೂರಿಸುವುದು, ಸಿಕ್ಕಿದ ಕೂಡಲೇ ಕಳಿಸುವುದು, ಬಂದದ್ದನ್ನು ಹಂಚುವುದು. ತಾವೂ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಷರತ್ತುಗಳು ಕಷ್ಟದವೇನಲ್ಲ: ಬರೆದವರ ಹೆಸರು ಅಳಿಸಕೂಡದು, ಮತ್ತು ತಿದ್ದಿ ಇನ್ನೊಬ್ಬರಿಗೆ ಕೊಟ್ಟರೆ ಅದರ ಸೋರ್ಸನ್ನೂ, ಅಂದರೆ ಒಳಗಿನ ಬರಹವನ್ನೂ, ಜೊತೆಗೆ ಕೊಡಬೇಕು.

ಪರದೆಯ ಮೇಲೆ ಕನ್ನಡ ಮೂಡಿಸುವುದು ಆಗ ದೊಡ್ಡ ಫಜೀತಿ. ಹಾಗಾಗಿ ಮಂಜೂರ್ ಆ ಚಾಯ್ ಸಾಲನ್ನು ಚಿತ್ರ ಮಾಡಿ ಅಂಟಿಸಿದ್ದ. ಈಗ ಯಾರೋ ಒಳಗಿದ್ದ 'ಟಪಾಲು' ಎಂಬ ಹೆಸರನ್ನೆಲ್ಲ ಹುಡುಕಿ ಹುಡುಕಿ ಅಳಿಸಿ 'ಶೀಘ್ರಮೇಲ್' ಎಂದು ತುಂಬಿದ್ದರು. ಚಿತ್ರದೊಳಗಿನ ಅಕ್ಷರ ಮಾತ್ರ ಅವರ ಕಣ್ಣು ತಪ್ಪಿಸಿಕೊಂಡು ಉಳಿದಿತ್ತು.

"ಇದನ್ನ ಯಾರು ಹಾಕಿಕೊಟ್ರು?" ಹಂಸ ಕೇಳಿದಳು.

ಪ್ರಿಯದರ್ಶಿನಿ ಬಾಯಿ ತೆರೆಯುವ ಮೊದಲೇ ಮುನಿಗಂಗಮ್ಮ ಹಿಗ್ಗಿನಿಂದ ಅಂದಳು: "ನಮ್ಮ ಪ್ರೇಮನದೇ ಕಣೆ! ಅವನ ಕಂಪನೀದು. ಇಂಥವು ಎಷ್ಟೋ ಕಡೆ ಹಾಕಿದಾನಂತೆ. ನಿಂಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಪ್ರೇಮ್‌ಕುಮಾರ್ ಅತ್ತೆಯ ಮಗ, ಹಂಸಳ ಓರಗೆಯವನು. ಕಗ್ಗದಾಸಪುರದಲ್ಲಿ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಟಪಾಲು ಶುರುವಾದ ದಿನಗಳಲ್ಲಿ ಅವನೂ ಮಂಜೂರನ ಅಂಗಡಿಗೆ ಬಂದು ಕೂರುತ್ತಿದ್ದ. ಆಮೇಲೆ ಇಂದಿರಾನಗರದಲ್ಲಿ ಕಂಪನಿ ತೆಗೆದು, ಬರುವುದನ್ನೇ ನಿಲ್ಲಿಸಿದ್ದ.

ಅತ್ತೆಯನ್ನು ಮನೆಗೆ ಬಿಟ್ಟು ಹಂಸ ನೇರ ಶಿವಾಜಿನಗರಕ್ಕೆ ಹೋದಳು. ಮಂಜೂರನ ಅಂಗಡಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಸ್ಟೀಲು ಬಡಿಯುವ ಸದ್ದು, ಮೇಲೆ ಹೊಟ್ಟೆ ಬಿಚ್ಚಿಟ್ಟ ಕಂಪ್ಯೂಟರುಗಳು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಜೋರಾಗಿ ನಕ್ಕುಬಿಟ್ಟ.

"ಚಾಯ್ ಉಳ್ಕೊಂಡ್ಬಿಡ್ತಾ? ಅರೆ ವಾ!"

"ನಗ್ಬೇಡಿ ಮಂಜೂರ್ ಭಾಯ್. ನಿಮ್ಮ ಹೆಸರು ತೆಗೆದಿದಾನೆ. ನನ್ನ ಹೆಸರು ತೆಗೆದಿದಾನೆ. ನಮಗಿಂತ ಮೊದಲು ಬರೆದೋರ ಹೆಸರೂ ತೆಗೆದಿದಾನೆ. ಸೋರ್ಸ್ ಯಾರಿಗೂ ಕೊಡ್ತಿಲ್ಲ. ತಾನೇ ಬರೆದಿದ್ದು ಅಂತ ಮಾರ್ತಿದಾನೆ."

"ಮಾರ್ಲಿ ಬಿಡು ಹಂಸಾ. ಓಡ್ತಾ ಇದೆಯಲ್ಲ, ಅದೂ ಆಸ್ಪತ್ರೇಲಿ. ನಾವು ಬರೆದಿದ್ದು ಯಾಕೆ, ಓಡ್ಲಿ ಅಂತ ತಾನೇ?"

ಅವನ ಈ ತಣ್ಣನೆಯ ಮಾತಿಗೆ ಅವಳಿಗೆ ಇನ್ನಷ್ಟು ರೇಗಿತು. ಅಲ್ಲೇ ಕೂತು ಪ್ರೇಮನಿಗೆ ಒಂದು ಮೇಲ್ ಬರೆದಳು. ಹೆಸರುಗಳನ್ನು ವಾಪಸ್ ಹಾಕು, ಸೋರ್ಸನ್ನು ಎಲ್ಲರಿಗೂ ಕೊಡು, ಮಾರುವುದಕ್ಕೆ ನಮ್ಮ ಅಡ್ಡಿಯಿಲ್ಲ. ಅಷ್ಟೇ. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಆಗಲೂ ಇಲ್ಲ.

ಉತ್ತರ ಸಿಕ್ಕಿದ್ದು ಭಾನುವಾರದ ಊಟದಲ್ಲಿ. ಹಂಸಳ ಅಪ್ಪ ಮುನಿಆಂಜನಪ್ಪ ತಂಗಿಯನ್ನೂ ಸೋದರಳಿಯ ಪ್ರೇಮನನ್ನೂ ಕೋಳಿ ಸಾರಿಗೆ ಕರೆದಿದ್ದ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳ ಸಾಲು ನಿಂತಿತ್ತು. ಹಬ್ಬ ಹುಣ್ಣಿಮೆಗೆ ಎಲ್ಲರೂ ಸೇರುವುದು ಮಾತ್ರ ಹಳೆಯ ಮನೆಯಲ್ಲೇ. ಮುದ್ದೆ ಮುರಿಯುತ್ತಾ ಪ್ರೇಮನೇ ಮಾತು ತೆಗೆದ.

"ಏನ್ ಹಂಸ, ಮೇಲ್ ಮೇಲೆ ಮೇಲ್ ಹಾಕ್ತಿದೀಯ. ಮನೇಲೇ ಕೇಳ್ಬಹುದಿತ್ತಲ್ಲ."

"ಸರಿ, ಇಲ್ಲೇ ಕೇಳ್ತೀನಿ. ನಮ್ಮ ಹೆಸರು ಯಾಕೆ ತೆಗ್ದೆ?"

"ನೋಡು, ನಿಜ ಹೇಳ್ತೀನಿ. ಶಿವಾಜಿನಗರದ ಯಾವುದೋ ರಿಪೇರಿ ಅಂಗಡಿಯೋನ ಹೆಸರು ಒಳಗಿದ್ರೆ ಕಸ್ಟಮರ್ ಏನಂದ್ಕೋತಾನೆ? ಪುಕ್ಸಟ್ಟೆ ಸಿಗೋದನ್ನ ಯಾರೂ ನಂಬಲ್ಲ ಕಣೆ. ನೀವಿಬ್ರೂ ಬರೆದಿಟ್ಕೊಂಡು ಕೂತಿದ್ರಿ. ಸ್ಕೂಲಿಗೆ, ಆಸ್ಪತ್ರೆಗೆ ಹೋಗಿ ಕೈಕಾಲು ಹಿಡಿದು ಕೂರಿಸಿದ್ದು ನಾನು. ರಾತ್ರಿ ಫೋನ್ ಮಾಡಿದ್ರೆ ಓಡಿ ಹೋಗೋನು ನಾನು."

"ಯಾವುದೋ ಅಂಗಡಿಯೋನಾ? ಆ ಅಂಗಡೀಲಿ ಕೂತು ನೀನು ಅವರ ಮನೆ ಬಿರಿಯಾನಿ ತಿಂದಿಲ್ವಾ?"

"ಊಟದ ಹೊತ್ತಲ್ಲಿ ಇದೇನೇ ನಿಂದು?" ಮುನಿಗಂಗಮ್ಮ ನಡುವೆ ಬಂದಳು. "ಊರಿಗೆಲ್ಲ ಪುಕ್ಸಟ್ಟೆ ಹಂಚಿದೀಯ. ನನ್ನ ಮಗ ತಗೊಂಡಿದ್ದಕ್ಕೆ ಕಣ್ಣು ಕೆಂಪಾಯ್ತಾ?"

"ತಗೊಂಡಿದ್ದಕ್ಕಲ್ಲ ಅತ್ತೆ. ತಗೊಂಡು ಬಾಗಿಲು ಹಾಕ್ಕೊಂಡಿದ್ದಕ್ಕೆ."

ಮುನಿಆಂಜನಪ್ಪ ಎಲೆಯಿಂದ ತಲೆ ಎತ್ತಿದ. "ನಮ್ಮೂರ ಗುಂಡುತೋಪು ನೆನಪೈತಾ ಗಂಗಾ? ಮಾವಿನಕಾಯಿ ಯಾರು ಬೇಕಾದ್ರೂ ಕಿತ್ಕೋಬಹುದಿತ್ತು. ಅದಕ್ಕೆ ಯಾರೋ ಬೇಲಿ ಹಾಕಕ್ಕೆ ಬಂದಾಗ ನಮ್ಮಪ್ಪ ಮಚ್ಚು ಹಿಡ್ಕೊಂಡು ಹೋಗಿದ್ದ."

ಹಂಸಳಿಗೆ ಎದೆ ತುಂಬಿ ಬಂತು. ಅಪ್ಪನಿಗಾದರೂ ಅರ್ಥವಾಯಿತಲ್ಲ ಎಂದುಕೊಂಡಳು. ಆದರೆ ಅವನು ಸಾರು ಕಲಸಿಕೊಳ್ಳುತ್ತಾ ಮುಂದುವರಿಸಿದ: "ಅವ್ರು ಹೊರಗಿನೋರು ಬಿಡು. ನಮ್ಮ ಹುಡುಗನ ಮೇಲೆ ಯಾರಾದ್ರೂ ಹೋಗ್ತಾರಾ? ಸುಮ್ನೆ ಊಟ ಮಾಡಮ್ಮ."

ಅವಳು ಅರ್ಧಕ್ಕೇ ಎದ್ದು ಕೈ ತೊಳೆದಳು. ಒಳಗಿನಿಂದ ಅತ್ತೆ "ಹೆಣ್ಣಿಗೆ ಇಷ್ಟು ಕೋಪ ಇರ್ಬಾರ್ದು" ಎಂದದ್ದು ಕೇಳಿಸಿತು. ಹಂಸ ನಲ್ಲಿಯನ್ನು ಎಷ್ಟು ಬಿಗಿಯಾಗಿ ತಿರುಗಿಸಿದಳೆಂದರೆ ಆಮೇಲೆ ಅದನ್ನು ಬಿಡಿಸಲು ಅಪ್ಪನೇ ಬರಬೇಕಾಯಿತು.

ಅತ್ತೆಯ ರಿಪೋರ್ಟು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಆ ವಾರ ಕಾಲೇಜಿನಿಂದ ಬರುತ್ತಾ ಹಂಸ ಮತ್ತೆ ಆಸ್ಪತ್ರೆಗೆ ಹೋದಳು. ಕೌಂಟರಿನಲ್ಲಿ ಬೇರೆ ಹೆಂಗಸು ಕೂತಿದ್ದಳು.

"ಮುಂಚೆ ಇದ್ದ ಹುಡುಗಿ?"

"ತೆಗೆದುಹಾಕಿದ್ರು ಮೇಡಂ. ಎಷ್ಟೋ ಜನರ ರಿಪೋರ್ಟು ಕಾಣೆಯಾಗಿದೆಯಂತೆ. ಒಬ್ಬ ಅಜ್ಜನಿಗೆ ಸಕ್ಕರೆ ವಿಪರೀತ ಏರಿತ್ತಂತೆ, ಆ ರಿಪೋರ್ಟು ಡಾಕ್ಟ್ರ ಕೈಗೇ ಬರ್ಲಿಲ್ಲ. ಬಿದ್ದುಬಿಟ್ರು ಪಾಪ, ಐಸಿಯುಲಿ ಇದ್ರು. ಕಂಪನಿಯೋರು ಬಂದು ನೋಡಿ, ನಮ್ಮ ಸಾಫ್ಟ್‌ವೇರಲ್ಲಿ ಏನೂ ತೊಂದ್ರೆ ಇಲ್ಲ, ನಿಮ್ಮ ಹುಡುಗೀನೇ ಅಳಿಸಿಬಿಟ್ಟಿದಾಳೆ ಅಂದ್ರು."

ಕಾರಣ ಹಂಸಳಿಗೆ ಗೊತ್ತಿತ್ತು. ಟಪಾಲಿನ ಹಳೆಯ ಆವೃತ್ತಿಯಲ್ಲಿ ಒಂದು ದೋಷವಿತ್ತು. ಬಂದ ಮೇಲ್ ಡಿಸ್ಕಿನಲ್ಲಿ ಕೂರುವ ಮೊದಲೇ ಅದು ಕಳಿಸಿದವರಿಗೆ 'ಮುಟ್ಟಿತು' ಎಂದುಬಿಡುತ್ತಿತ್ತು. ಡಿಸ್ಕಿನಲ್ಲಿ ಜಾಗವಿದ್ದರೆ ಸರಿ. ತುಂಬಿಹೋಗಿದ್ದರೆ ಮೇಲ್ ಗಾಳಿಗೆ ಹೋಗುತ್ತಿತ್ತು. ಕಳಿಸಿದವರ ಕಡೆ ಮುಟ್ಟಿದ ಗುರುತು, ಪಡೆಯುವವರ ಕಡೆ ಏನೂ ಇಲ್ಲ. ಮಂಜೂರ್ ಇದನ್ನು ಹಿಂದಿನ ವರ್ಷವೇ ಪತ್ತೆ ಹಚ್ಚಿ, ಸರಿಮಾಡಿ, ಬಳಸುವವರೆಲ್ಲ ಕೂಡಲೇ ಹೊಸದನ್ನು ಹಾಕಿಕೊಳ್ಳಿ ಎಂದು ಸಾರಿದ್ದ. ಆಸ್ಪತ್ರೆಯವರಿಗೆ ಆ ಮಾತು ಮುಟ್ಟುವುದಾದರೂ ಹೇಗೆ? ತಾವು ಬಳಸುತ್ತಿರುವುದು ಟಪಾಲು ಎಂದೇ ಅವರಿಗೆ ಗೊತ್ತಿರಲಿಲ್ಲ.

ಈ ಸಲ ಮಂಜೂರ್ ನಗಲಿಲ್ಲ. ಅವಳು ಹೇಳುತ್ತಾ ಹೋದಂತೆ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಧಾನವಾಗಿ ಮೇಜಿಗೆ ಇಳಿಯಿತು.

"ಹುಡುಗಿ ಅಳಿಸಿದ್ಲು ಅಂತ ಹೇಳಿದ್ನಾ? ಅವನೇ?"

"ಅವನ ಕಂಪನಿಯೋರು."

"ಅವನಿಗೆ ಸೋರ್ಸ್ ಓದಕ್ಕೆ ಬರುತ್ತೆ ಹಂಸಾ. ಇಲ್ಲೇ ಕೂತು ಓದಿದಾನೆ. ಎಲ್ಲಿ ಮೇಲ್ ಹೋಗ್ತಿದೆ ಅಂತ ಒಂದ್ಸಲ ತೆಗೆದು ನೋಡಕ್ಕಾಗ್ಲಿಲ್ವಾ ಅವನಿಗೆ?" ಮಂಜೂರ್ ಎದ್ದು ನಿಂತ. ಎಂಥ ಗಿರಾಕಿಯ ಮೇಲೂ ದನಿ ಏರಿಸದ ಮನುಷ್ಯನ ದನಿ ಈಗ ಏರಿತ್ತು. "ಹೆಸರು ತೆಗೀಲಿ, ನನಗೇನೂ ಇಲ್ಲ. ಇನ್ನೊಬ್ಬರ ಹೆಣ್ಣುಮಗು ಮೇಲೆ ತಪ್ಪು ಹಾಕ್ತಾನಾ? ನಡಿ."

ಹಾಡಹಗಲೇ ಶಟರ್ ಎಳೆದ. ಇಬ್ಬರೂ ಇಂದಿರಾನಗರಕ್ಕೆ ಹೋದರು.

ಪ್ರೇಮನ ಆಫೀಸಿನಲ್ಲಿ ಗಾಜಿನ ಗೋಡೆಗಳು, ಹೊಸ ಕುರ್ಚಿಗಳು. ಮಂಜೂರನನ್ನು ಕಂಡ ಕೂಡಲೇ ಅವನ ಮುಖ ಕಪ್ಪಿಟ್ಟಿತು. ಬಾಗಿಲು ಹಾಕಿ ಕೂರಿಸಿದ. ಹಂಸ ದೋಷದ ವಿಷಯ ಹೇಳುತ್ತಿದ್ದ ಹಾಗೆ ಅವನು ಕಣ್ಣು ಮುಚ್ಚಿಕೊಂಡ.

"ಸರಿ. ಗೊತ್ತಾಯ್ತು. ಇವತ್ತೇ ನಮ್ಮ ಹುಡುಗರನ್ನ ಕಳಿಸಿ ಎಲ್ಲಾ ಕಡೆ ಸರಿಮಾಡಿಸ್ತೀನಿ. ಯಾರಿಗೂ ತೊಂದ್ರೆ ಆಗಲ್ಲ."

"ಆ ಹುಡುಗಿಗೆ ಆಗಿಹೋಯ್ತಲ್ಲ?" ಎಂದಳು ಹಂಸ. "ತಪ್ಪು ಸಾಫ್ಟ್‌ವೇರಿಂದು, ಅವಳದಲ್ಲ ಅಂತ ಆಸ್ಪತ್ರೆಗೆ ಬರ್ಕೊಡು."

"ಅದೊಂದು ಆಗಲ್ಲ. ಹಾಗೆ ಬರ್ಕೊಟ್ರೆ ನಾಳೆ ಯಾವ ಕಸ್ಟಮರೂ ಉಳಿಯಲ್ಲ. ಆಮೇಲೆ ಇಲ್ಲಿರೋ ಹುಡುಗರು ಎಲ್ಲಿಗೆ ಹೋಗ್ಬೇಕು? ಅವಳನ್ನ ತೆಗೆದಿದ್ದು ಆಸ್ಪತ್ರೆ ನಿರ್ಧಾರ, ನಂದಲ್ಲ. ಬೇಕಾದ್ರೆ ಅವಳಿಗೆ ಇಲ್ಲೇ ಒಂದು ಕೆಲ್ಸ ಕೊಡ್ತೀನಿ. ಹಂಸ, ನೀನೂ ಬಾ. ಮಂಜೂರ್ ಭಾಯ್, ನೀವೂ. ಪಾರ್ಟ್ನರ್ ಮಾಡ್ಕೋತೀನಿ."

"ನಿನ್ನ ತಾಯಿ ರಿಪೋರ್ಟೂ ಅದ್ರಲ್ಲೇ ಕಳೆದುಹೋಗಿದೆ ಕಣೋ!" ಹಂಸ ಕಿರುಚಿದಳು. ಗಾಜಿನ ಆಚೆ ಕೂತಿದ್ದವರೆಲ್ಲ ತಿರುಗಿ ನೋಡಿದರು. "ನಿನ್ನ ಸ್ವಂತ ತಾಯೀದು! ಆಗ್ಲೂ ಒಂದ್ಸಲ ತೆಗೆದು ನೋಡ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಮಂಜೂರ್ ಒಂದೇ ಮಾತು ಅಂದ: "ನೀನು ಬರ್ಕೊಡಲ್ಲ ಅಂದ್ರೆ ನಾವೇ ಹೇಳ್ತೀವಿ." ಇಬ್ಬರೂ ಹೊರಗೆ ಬಂದರು.

ಆಸ್ಪತ್ರೆಗೆ ಹೋಗುವ ಮೊದಲು ಪ್ರಿಯದರ್ಶಿನಿಯನ್ನು ಕಾಣಬೇಕೆಂದು ಹಂಸಳೇ ಹಟ ಹಿಡಿದಳು. ಕೌಂಟರಿನ ಹೊಸ ಹೆಂಗಸು ವಿಳಾಸ ಕೊಟ್ಟಿದ್ದಳು. ಜೋಗುಪಾಳ್ಯದ ಒಂದು ವಠಾರ. ಅಕ್ಕಪಕ್ಕ ಒಂದೊಂದೇ ಕೋಣೆಯ ಮನೆಗಳು. ಪ್ರಿಯದರ್ಶಿನಿಯ ಅಪ್ಪ ಸಾಯಬಣ್ಣ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ಇವಳೊಬ್ಬಳೇ. ಹೊಸ್ತಿಲಲ್ಲಿ ನಿಂತೇ ಅವಳು ಎಲ್ಲ ಕೇಳಿಸಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ.

"ಅಂದ್ರ ತಪ್ಪು ನಂದಲ್ಲ."

"ಖಂಡಿತ ನಿಂದಲ್ಲ" ಎಂದಳು ಹಂಸ.

"ಅದು ನನಗ ಮೊದ್ಲೇ ಗೊತ್ತದರೀ. ನೀವು ಬಂದು ಹೇಳೋದೇನು ಬ್ಯಾಡಾಗಿತ್ತು." ಅವಳ ಕಣ್ಣು ಉರಿಯುತ್ತಿತ್ತು. "ಹಂಗಾದ್ರ ತಪ್ಪು ಯಾರದು? ಮೊದ್ಲು ಬರದವ್ರು ನೀವೇ ಅಲ್ಲೇನ್ರೀ?"

ಹಂಸ ತಡವರಿಸಿದಳು. "ಹೌದು. ಬರೆದೋರು ನಾವೇ. ಗೊತ್ತಾದ ಕೂಡ್ಲೇ ಸರಿಮಾಡಿ ಎಲ್ರಿಗೂ ಹೇಳಿದ್ವಿ..."

"ಎಲ್ಲಾರಿಗೂ ಅಂದ್ರ ಯಾರಿಗ್ರೀ? ನನಗ ಯಾರು ಹೇಳ್ಯಾರ? ಅವ್ವ ವಠಾರದಾಗ ತಲಿ ಎತ್ತಿ ತಿರುಗಂಗಿಲ್ಲ. ಅಜ್ಜನ ಜೀವ ತಗದಾಕಿ ಅಂತ ಆಸ್ಪತ್ರಿ ಆಯಾ ಬಂದು ಇಲ್ಲೆ ಹೇಳಿ ಹೋಗ್ಯಾಳ. ಅಜ್ಜ ಬದುಕ್ಯಾನ, ಆದ್ರೂ ಹೇಳ್ತಾರ."

ಇಷ್ಟು ದಿನ ಪ್ರೇಮನ ಮೇಲೆ ಎತ್ತಿದ್ದ ಬೆರಳು ಈಗ ತನ್ನ ಕಡೆಗೂ ತಿರುಗಿದ ಹಾಗೆ ಹಂಸಳಿಗೆ ಅನ್ನಿಸಿತು. ಮಂಜೂರ್ ತಲೆ ತಗ್ಗಿಸಿ, "ನೀವು ಹೇಳಿದ್ದು ಸರಿ. ಆಸ್ಪತ್ರೇಲಿ ಎಲ್ರ ಮುಂದೆ ಹೇಳಕ್ಕೆ ಹೋಗ್ತಿದೀವಿ. ನೀವೂ ಬರ್ತೀರಾ?" ಎಂದ.

ಪ್ರಿಯದರ್ಶಿನಿ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು.

ಆಸ್ಪತ್ರೆಯ ಆಡಳಿತಾಧಿಕಾರಿ ಸೈನ್ಯದಿಂದ ನಿವೃತ್ತರಾದ ಮುದುಕರು. ಮೊದಲು ಕೇಳಲೇ ಒಪ್ಪಲಿಲ್ಲ. ಕಂಪನಿಯವರು ನೋಡಿ ಹೋಗಿದ್ದಾರೆ, ಮುಗಿದ ವಿಷಯ ಎಂದರು. ಹಂಸ ಎದ್ದು ಬರಲಿಲ್ಲ. ಬೇಕಾದರೆ ಕಾವಲಿನವರನ್ನು ಕರೆಸಿ ಹೊರಗೆ ಹಾಕಿಸಿ, ಅಲ್ಲಿಯತನಕ ಇಲ್ಲೇ ಕೂರುತ್ತೇನೆ ಎಂದಳು. ಕೊನೆಗೆ ಅವರೇ ಬೇಸತ್ತು ಸರ್ವರ್ ಇದ್ದ ಕೋಣೆಯ ಬಾಗಿಲು ತೆಗೆಸಿದರು.

ಪ್ರೇಮನ ಹುಡುಗರು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ತೋರಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಕ್ಸ್-ರೇ ಚಿತ್ರಗಳಿಂದ ಡಿಸ್ಕು ಆಗಲೇ ತುಂಬಿ ತುಳುಕುತ್ತಿತ್ತು. ಹಂಸ ಆಡಳಿತಾಧಿಕಾರಿಗಳ ಹೆಸರಿಗೇ ಒಂದು ಮೇಲ್ ಕಳಿಸಿದಳು. 'ಮುಟ್ಟಿತು' ಎಂದು ಉತ್ತರ ಬಂತು. ಅವರ ಪೆಟ್ಟಿಗೆ ತೆರೆದರೆ ಏನೂ ಇಲ್ಲ. ಮತ್ತೊಂದು ಕಳಿಸಿದಳು. ಮತ್ತೆ 'ಮುಟ್ಟಿತು', ಮತ್ತೆ ಖಾಲಿ. ಮಂಜೂರ್ ಸ್ವಲ್ಪ ಜಾಗ ಖಾಲಿ ಮಾಡಿದ ಮೇಲೆ ಕಳಿಸಿದ ಮೇಲ್ ಬಂದು ಕೂತಿತು. ಮುದುಕರು ತಾವೇ ಕೀಲಿಮಣೆ ಎಳೆದುಕೊಂಡು ಇನ್ನೊಂದೆರಡು ಸಲ ಮಾಡಿ ನೋಡಿದರು. ಆಮೇಲೆ ಪ್ರಿಯದರ್ಶಿನಿಯ ಕಡೆ ತಿರುಗಿದರು.

"ನಮ್ಮಿಂದ ತಪ್ಪಾಗಿದೆಯಮ್ಮ. ನಾಳೆಯಿಂದ ಕೆಲಸಕ್ಕೆ ಬಾ."

"ನಂದು ತಪ್ಪಿಲ್ಲ ಅಂತ ಬರದು ಕೊಡ್ರಿ" ಎಂದಳು ಪ್ರಿಯದರ್ಶಿನಿ. "ಎಲ್ಲಾರಿಗೂ ಕಾಣೋ ಹಂಗ ಬೋರ್ಡಿಗೂ ಹಚ್ಚ್ರಿ. ಕೆಲಸಕ್ಕ ಬರಂಗಿಲ್ಲ. ಹೊರಗ ಹಾಕೋ ಮುಂದ ನನಗ ಒಂದ್ ಮಾತು ಕೇಳ್ಲಿಲ್ಲ ನೀವು."

ಅವರು ಬರೆದುಕೊಟ್ಟರು. ಬೋರ್ಡಿಗೂ ಹಚ್ಚಿಸಿದರು. ಅವಳು ಅದರ ಪ್ರತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಗೇಟಿನಲ್ಲಿ ಇವರಿಗೆ ತಲೆ ಆಡಿಸಿ ಹೋದಳು. ಕೆಲವು ತಿಂಗಳ ನಂತರ ಹಲಸೂರಿನ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳೆಂದು ಗೊತ್ತಾಯಿತು. ಹಂಸ ಆಮೇಲೆ ಅವಳನ್ನು ನೋಡಲಿಲ್ಲ.

ಅದೇ ವಾರ ಹಂಸ ಶೀಘ್ರಮೇಲ್‌ನ ಒಳಗಿರುವುದು ಏನು, ಅದರ ದೋಷವೇನು, ಸರಿಪಡಿಸಿದ್ದು ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಬರೆದು ಎಲ್ಲರಿಗೂ ಕಾಣುವಂತೆ ಹಾಕಿದಳು. ಈ ಸಲ ಅಷ್ಟಕ್ಕೇ ಬಿಡಲಿಲ್ಲ. ಶೀಘ್ರಮೇಲ್ ಇದ್ದ ಶಾಲೆ, ಕ್ಲಿನಿಕ್ಕು, ಆಫೀಸುಗಳನ್ನು ಹುಡುಕಿ ಹುಡುಕಿ ಫೋನ್ ಮಾಡಿದಳು. ಸಿಗದವರ ಬಳಿಗೆ ತಾನೇ ಹೋದಳು. ಕೆಲವರು ಧನ್ಯವಾದ ಹೇಳಿದರು, ಕೆಲವರು ನೀವ್ಯಾರು ಎಂದು ಬೈದರು. ಪ್ರೇಮನ ಗಿರಾಕಿಗಳು ಹಲವರು ಬಿಟ್ಟುಹೋದರು. ಉಳಿದವರು ಸೋರ್ಸ್ ಕೊಡದಿದ್ದರೆ ನಾವೂ ಬಿಡುತ್ತೇವೆ ಎಂದರು. ಮುನಿಗಂಗಮ್ಮ ಅಣ್ಣನ ಮನೆ ಬಾಗಿಲಲ್ಲಿ ನಿಂತು, ನಿನ್ನ ಮಗಳು ನನ್ನ ಮಗನ ಅನ್ನಕ್ಕೆ ಮಣ್ಣು ಹಾಕಿದಳು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೋದಳು. ಅಪ್ಪ ಹಂಸಳ ಜೊತೆ ಮಾತು ಬಿಟ್ಟ. ಊಟದ ಹೊತ್ತಿಗೆ ಟಿವಿ ಸದ್ದು ಜೋರು ಮಾಡುತ್ತಿದ್ದ.

ಕೊನೆಗೊಂದು ದಿನ ಮಂಜೂರನ ಅಂಗಡಿಗೆ ಒಂದು ಸಿ.ಡಿ. ಬಂತು. ಶೀಘ್ರಮೇಲ್‌ನ ಪೂರ್ತಿ ಸೋರ್ಸ್. ಜೊತೆಗೆ ಒಂದು ಚೀಟಿಯೂ ಇರಲಿಲ್ಲ.

ಮಂಜೂರ್ ಅದನ್ನು ಓದುತ್ತಾ ಕೂತ. ಹಂಸ ಕಾಲೇಜು ಮುಗಿಸಿ ಬಂದ ಒಂದು ಸಂಜೆ ಕರೆದು ತೋರಿಸಿದ.

"ಇದು ನೋಡು. ದೊಡ್ಡ ಮೇಲ್ ಒಂದು ಬಂದ್ರೆ ಹಿಂದಿರೋ ಚಿಕ್ಕವೆಲ್ಲ ಕಾಯ್ತಾ ಕೂರ್ತಿದ್ವಲ್ಲ? ನಾವು ಎಷ್ಟು ಒದ್ದಾಡಿದ್ವಿ. ಇವನು ಸರಿಮಾಡಿದಾನೆ. ಎಷ್ಟು ಚೆನ್ನಾಗಿ ಮಾಡಿದಾನೆ ಅಂದ್ರೆ, ಮಾಷಾ ಅಲ್ಲಾ."

"ಯಾರು?"

"ಪ್ರೇಮ್. ಅವನದೇ ಕೈ ಇದು. ನಂಗೆ ಗೊತ್ತಾಗುತ್ತೆ. ಟಪಾಲಿಗೆ ಸೇರಿಸೋಣ."

"ಸೇರಿಸಿ. ಅವನ ಹೆಸರು ಮಾತ್ರ ಬೇಡ."

"ಬರೆದೋನು ಅವನು ತಾನೇ?"

"ಮಂಜೂರ್ ಭಾಯ್, ಅವನು ನಿಮ್ಮನ್ನ ಏನಂದ ಅಂತ ನಿಮಗೆ ಗೊತ್ತಿಲ್ಲ. ಆ ಹುಡುಗೀಗೆ ಏನ್ ಮಾಡ್ದ! ಒಂದು ದಿನ ಬಂದು ಕ್ಷಮೆ ಕೇಳಿದಾನಾ? ನನ್ನ ಕೈಯಾರೆ ನಾನು ಅವನ ಹೆಸರು ಬರೀಬೇಕಾ?"

"ನೀನೇ ಬರೀಬೇಕಂತಿಲ್ಲ. ನಾನು ಬರೀತೀನಿ."

ಕೆಳಗೆ ಪಾತ್ರೆ ಬಡಿಯುವ ಸದ್ದು ಜೋರಾಗಿತ್ತು. ಹಂಸ ಕಿಟಕಿಯ ಹತ್ತಿರ ಹೋಗಿ ನಿಂತಳು. ಅಳು ಬರುವಷ್ಟು ಕೋಪ. ಪ್ರೇಮನ ಮೇಲೆ, ಅಪ್ಪನ ಮೇಲೆ, ಈ ಮನುಷ್ಯನ ಜಗ್ಗದ ನ್ಯಾಯದ ಮೇಲೆ. ಹೆಸರು ಬಿಟ್ಟುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರೇಮನೂ ಹೀಗೆಯೇ ಅಂದುಕೊಂಡಿರಬೇಕು ಎಂಬುದು ಹೊಳೆದಾಗ ಅವಳಿಗೆ ಬಾಯೆಲ್ಲ ಕಹಿಯಾಯಿತು.

ವಾಪಸ್ ಬಂದು ಮಂಜೂರನನ್ನು ಕುರ್ಚಿಯಿಂದ ಎಬ್ಬಿಸಿದಳು. ಬರೆದವರ ಹೆಸರುಗಳಿದ್ದ ಕಡೆ ಹೋಗಿ, ತಮ್ಮಿಬ್ಬರ ಹೆಸರಿನ ಕೆಳಗೆ ಒಂದೊಂದೇ ಅಕ್ಷರ ಕುಟ್ಟಿದಳು. ಪ್ರೇಮ್‌ಕುಮಾರ್. ಅವನು ಮಾಡಿದ್ದು ಏನೆಂದು ಒಂದು ಸಾಲು. ಹೊಗಳಿಕೆಯ ಒಂದು ಪದವನ್ನೂ ಸೇರಿಸಲಿಲ್ಲ.

"ಮೆಲ್ಲಗೆ" ಎಂದ ಮಂಜೂರ್. "ಗಿರಾಕಿ ಕೀಬೋರ್ಡು ಅದು."

ಆ ವರ್ಷ ಗೌರಿಹಬ್ಬಕ್ಕೆ ಅತ್ತೆ ಅವಳನ್ನು ಕರೆಯಲಿಲ್ಲ. ಕರೆದಿದ್ದರೂ ಹಂಸ ಹೋಗುತ್ತಿರಲಿಲ್ಲ.